ಅಪ್ಪನ ಡಬ್ಬಿಯಲ್ಲಿ ಸಿಕ್ಕ ಡಾಕ್ಟರು, ಕಾಯಿಲೆಗಳ ಅಂಚೆಚೀಟಿಗಳು: ಹದಿನಾರು ಹಾಳೆಯಲ್ಲಿ ಏನೇನು ಜೋಡಿಸಲಿ?

ಶರಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ ಮೂವತ್ತು ವರ್ಷ ಸರ್ಕಾರಿ ಡಾಕ್ಟರಾಗಿದ್ದವರು. ಸರ್ವಿಸ್ಸೆಲ್ಲ ಮಲೆನಾಡಿನ ಸಣ್ಣಪುಟ್ಟ ಊರುಗಳಲ್ಲೇ ಕಳೆಯಿತು. ಹೋದ ವರ್ಷ ತೀರಿಕೊಂಡರು. ಮೊನ್ನೆ ಅಟ್ಟ ಗುಡಿಸುವಾಗ ದಾರ ಕಟ್ಟಿದ ಹಳೇ ಚಪ್ಪಲಿ ಡಬ್ಬಿಯೊಂದು ಸಿಕ್ಕಿತು. ಬಿಚ್ಚಿದರೆ ತುಂಬ ಅಂಚೆಚೀಟಿ. ಅಪ್ಪ ಸ್ಟ್ಯಾಂಪು ಕೂಡಿಡುತ್ತಾರೆ ಅಂತ ಗೊತ್ತಿತ್ತು. ಆದರೆ ಇದ್ದವೆಲ್ಲ ಕಾಯಿಲೆ, ಲಸಿಕೆ, ಡಾಕ್ಟರುಗಳಿಗೆ ಸಂಬಂಧಪಟ್ಟವೇ ಅಂತ ಈಗ ನೋಡಿದ ಮೇಲೆ ತಿಳಿಯಿತು. ಒಂದೊಂದು ಕಾಯಿಲೆಗೂ ಒಂದೊಂದು ಬಿಳಿ ಲಕೋಟೆ ಮಾಡಿ ಮೇಲೆ ಹೆಸರು ಬರೆದಿದ್ದಾರೆ: ಚಳಿಜ್ವರ, ಕ್ಷಯ, ಕುಷ್ಠ, ಪ್ಲೇಗು, ಹೀಗೆ. ಕೆಲವು ಲಕೋಟೆ ಖಾಲಿ ಇವೆ.

ಇಲ್ಲಿಯವರೆಗೆ ನಾನು ಗುರುತು ಹಿಡಿದದ್ದು: 1962ರ ಮಲೇರಿಯಾ ನಿರ್ಮೂಲನೆ (15 ನಯಾಪೈಸೆ), 1964ರ ಹ್ಯಾಫ್ಕಿನ್, 1968ರ ಮೇರಿ ಕ್ಯೂರಿ, 1973ರ ಹ್ಯಾನ್ಸನ್, 1982ರ ರಾಬರ್ಟ್ ಕಾಕ್, ಅದೇ ವರ್ಷದ ಬಿ.ಸಿ. ರಾಯ್, 1993ರ ಡಾ. ಕೋಟ್ನಿಸ್, 1995ರ ಯಲ್ಲಾಪ್ರಗಡ ಸುಬ್ಬರಾವ್, 1997ರ ರೊನಾಲ್ಡ್ ರಾಸ್. ಇವಲ್ಲದೆ ಒಂದಷ್ಟು ಹೊರದೇಶದ್ದು, ಒಂದಷ್ಟು ಏನೆಂದೇ ಗೊತ್ತಾಗದ್ದು.

ನಮ್ಮೂರಿನ ಹೈಸ್ಕೂಲಿನವರು ವಿಜ್ಞಾನ ಪ್ರದರ್ಶನಕ್ಕೆ ಇದನ್ನು ಇಡಿ ಎಂದು ಕೇಳಿದ್ದಾರೆ. ಒಂದು ಫ್ರೇಮು, ಹದಿನಾರು ಹಾಳೆ. ವರ್ಷದ ಪ್ರಕಾರ ಜೋಡಿಸಲೋ, ಕಾಯಿಲೆಯ ಪ್ರಕಾರವೋ? ಮಕ್ಕಳು ನಿಂತು ಓದಬೇಕು, ಅದು ನನ್ನ ಆಸೆ. ಇನ್ನೊಂದು: ನಮ್ಮ ಕರ್ನಾಟಕದ ಕಥೆ ಏನಾದರೂ ಇದರೊಳಗೆ ಇದೆಯಾ?

ಚಿಮಟ_ಭೂತಗನ್ನಡಿ
ಮೇಡಂ, ಮೊದಲು ಒಂದು ವಿನಂತಿ. ಯಾವುದನ್ನೂ ಕೈಯಲ್ಲಿ ಮುಟ್ಟಬೇಡಿ, ಚಿಮಟ ಬಳಸಿ. ಕಾಗದಕ್ಕೆ ಅಂಟಿಕೊಂಡಿರುವುದನ್ನು ಎಳೆದು ಕೀಳಬೇಡಿ. ಲಕೋಟೆಯ ಮೇಲೇ ಇರುವ ಚೀಟಿಯನ್ನು ಕತ್ತರಿಸಲೂ ಬೇಡಿ. ಠಸ್ಸೆ, ಊರಿನ ಹೆಸರು, ತಾರೀಖು ಎಲ್ಲ ಇದ್ದರೆ ಬಿಡಿ ಚೀಟಿಗಿಂತ ಇಡೀ ಲಕೋಟೆಗೇ ಬೆಲೆ ಜಾಸ್ತಿ, ಕಥೆಯೂ ಜಾಸ್ತಿ.

ಜೋಡಣೆ ವರ್ಷದ ಪ್ರಕಾರ ಮಾಡಿ. ಅದೇ ಕ್ರಮ.

ಪ್ರಯೋಗಶಾಲೆ_ಅಕ್ಕ
ವರ್ಷದ ಪ್ರಕಾರ ಬೇಡವೇ ಬೇಡ. ಚೀಟಿ ಬಂದ ವರ್ಷಕ್ಕೂ ವೈದ್ಯಕೀಯ ಇತಿಹಾಸಕ್ಕೂ ಏನು ಸಂಬಂಧ? ಕಾಕ್ ಕ್ಷಯದ ರೋಗಾಣು ಕಂಡದ್ದನ್ನು ಪ್ರಕಟಿಸಿದ್ದು 1882ರ ಮಾರ್ಚ್ 24, ಚೀಟಿ ಬಂದದ್ದು ನೂರು ವರ್ಷ ತುಂಬಿದ ದಿನ. ಹ್ಯಾನ್ಸನ್ ಕುಷ್ಠದ ರೋಗಾಣು ಕಂಡದ್ದು 1873, ಚೀಟಿ 1973. ಎಲ್ಲ ಶತಮಾನದ ಲೆಕ್ಕ. ನಿಮ್ಮ ತಂದೆಯವರೇ ಕಾಯಿಲೆಗೊಂದು ಲಕೋಟೆ ಮಾಡಿಟ್ಟಿದ್ದಾರಲ್ಲ, ಅದನ್ನು ಯಾಕೆ ಕೆಡಿಸುತ್ತೀರಿ?

ಬಸವನಗುಡಿ70
ಅಕ್ಕ ಹೇಳಿದ್ದು ಸರಿ. ಡಾಕ್ಟರು ಯೋಚನೆ ಮಾಡಿಯೇ ಇಟ್ಟಿದ್ದಾರೆ.

ಅಂಚೆಯಣ್ಣ_ನಿವೃತ್ತ
ಏನೆಂದು ಗೊತ್ತಾಗದ ಚೀಟಿಗಳಲ್ಲಿ ಎರಡು ಅಡ್ಡಗೆರೆ ಇರುವ ಶಿಲುಬೆ ಗುರುತು ಇದೆಯಾ ನೋಡಿ ತಾಯಿ. ಇದ್ದರೆ ಅದು ಟಿಬಿ ಸೀಲು, ಅಂಚೆಚೀಟಿ ಅಲ್ಲ. ಪ್ರತಿವರ್ಷ ಅಕ್ಟೋಬರ್ 2ರಿಂದ ಶುರುವಾಗಿ ಶಾಲೆ, ಆಫೀಸುಗಳಲ್ಲಿ ಮಾರುತ್ತಿದ್ದರು. ಭಾರತ ಕ್ಷಯರೋಗ ಸಂಘದವರು 1950ರಲ್ಲಿ ಆರಂಭಿಸಿದ್ದು.

ನಾನು ಸರ್ವಿಸಿಗೆ ಸೇರಿದ ಹೊಸತರಲ್ಲಿ ಒಂದು ಹುಡುಗಿ ತನ್ನ ಅಜ್ಜನಿಗೆ ಬರೆದ ಕವರಿನ ಮೇಲೆ ಬರೀ ಟಿಬಿ ಸೀಲು ಅಂಟಿಸಿ ಡಬ್ಬಿಗೆ ಹಾಕಿದ್ದಳು. ಅದಕ್ಕೆ ಅಂಚೆ ಬೆಲೆ ಇಲ್ಲ, ಹಾಗಾಗಿ ಪಡೆಯುವವರು ದುಪ್ಪಟ್ಟು ಕೊಡಬೇಕು. ಅಜ್ಜನ ಮನೆಗೆ ಹೋಗಿ ಹೇಳಿದರೆ ಅವರು ಮರುಮಾತಿಲ್ಲದೆ ದುಡ್ಡು ತಂದು ಕೊಟ್ಟು, 'ಮೊಮ್ಮಗಳು ಕ್ಷಯದವರಿಗೆ ದುಡ್ಡು ಕೊಟ್ಟಿದ್ದಾಳೆ, ನಾನು ಅಂಚೆಗೆ ಕೊಡುತ್ತೇನೆ' ಅಂದರು. ನಲವತ್ತು ವರ್ಷ ಆದರೂ ಮರೆತಿಲ್ಲ.

ಶರಾವತಿ_ದಂಡೆ
ಅಂಚೆಯಣ್ಣ, ಇದೆ! ಹನ್ನೊಂದು ಸೀಲು ಇವೆ. ನನಗೂ ಈಗ ನೆನಪಾಯಿತು, ಶಾಲೆಯಲ್ಲಿ ಮೇಷ್ಟ್ರು ಹಂಚುತ್ತಿದ್ದರು, ಮನೆಯಿಂದ ಚಿಲ್ಲರೆ ತಂದು ಕೊಡಬೇಕಿತ್ತು. ಇವನ್ನು ಹಾಳೆಯಲ್ಲಿ ಸೇರಿಸಬಹುದಾ?

ಚಿಮಟ_ಭೂತಗನ್ನಡಿ
ನಿಯಮದ ಪ್ರಕಾರ ಕೂಡದು. ಅಂಚೆ ಇಲಾಖೆ ಹೊರಡಿಸದೆ ಇರುವುದು ಅಂಚೆಚೀಟಿ ಸಂಗ್ರಹದಲ್ಲಿ ಬರುವುದಿಲ್ಲ. ಸ್ಪರ್ಧೆಯಾದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ.

ಪ್ರಯೋಗಶಾಲೆ_ಅಕ್ಕ
ಇದು ಸ್ಪರ್ಧೆ ಅಲ್ಲ ಸರ್, ಹೈಸ್ಕೂಲು ಮಕ್ಕಳಿಗೆ ತೋರಿಸುವುದು. ಆ ಸೀಲನ್ನು ಬಿಟ್ಟು ಕ್ಷಯದ ಕಥೆ ಹೇಳುವುದು ಹೇಗೆ? ಅದನ್ನು ಹುಟ್ಟುಹಾಕಿದ್ದೇ ಒಬ್ಬ ಅಂಚೆ ಗುಮಾಸ್ತ. ಡೆನ್ಮಾರ್ಕಿನ ಐನಾರ್ ಹೋಲ್‌ಬೋಲ್. ಕ್ರಿಸ್ಮಸ್ ಸಮಯದಲ್ಲಿ ಗುಡ್ಡೆಗುಡ್ಡೆ ಕಾಗದ ವಿಂಗಡಿಸುವಾಗ, ಒಂದೊಂದರ ಮೇಲೂ ಇನ್ನೊಂದು ಸಣ್ಣ ಚೀಟಿ ಅಂಟಿಸಿದರೆ ಆ ಕಾಸಿನಲ್ಲಿ ಕ್ಷಯದ ಮಕ್ಕಳಿಗೆ ಆಸ್ಪತ್ರೆ ಕಟ್ಟಬಹುದಲ್ಲ ಅಂತ ಹೊಳೆದದ್ದು. 1904ರಲ್ಲಿ ಮೊದಲ ಸೀಲು ಬಂತು. ಮೂರು ವರ್ಷದ ಮೇಲೆ ಎಮಿಲಿ ಬಿಸೆಲ್ ಅನ್ನುವ ಹೆಂಗಸು ಅದನ್ನು ಅಮೆರಿಕಕ್ಕೆ ತಂದರು. ಔಷಧವೇ ಇಲ್ಲದ ಕಾಲ ಅದು, ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ನಲವತ್ತು ವರ್ಷ ಇತ್ತು. ಗಾಳಿ, ಬಿಸಿಲು, ಹಾಲು, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಅದಕ್ಕೆ ದುಡ್ಡು ಬೇಕಿತ್ತು.

ಚಿಮಟ_ಭೂತಗನ್ನಡಿ
ಹಾಗಾದರೆ ನಿಜವಾದ ಅಂಚೆಚೀಟಿಯಲ್ಲೇ ಉದಾಹರಣೆ ಇದೆ. 1897ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನವರು ಕ್ಷಯರೋಗಿಗಳ ಆಶ್ರಯಧಾಮಕ್ಕಾಗಿ ಎರಡು ಚೀಟಿ ಹೊರಡಿಸಿದರು. ಒಂದು ಪೆನ್ನಿಯ ಚೀಟಿಗೆ ಒಂದು ಶಿಲ್ಲಿಂಗ್, ಎರಡೂವರೆ ಪೆನ್ನಿಯದ್ದಕ್ಕೆ ಎರಡೂವರೆ ಶಿಲ್ಲಿಂಗ್. ಅಂದರೆ ಹನ್ನೆರಡು ಪಟ್ಟು! ಹೆಚ್ಚಿನ ದುಡ್ಡೆಲ್ಲ ರೋಗಿಗಳಿಗೆ. ದಾನದ ಚೀಟಿ ಅನ್ನುವ ಪದ್ಧತಿ ಜಗತ್ತಿನಲ್ಲಿ ಶುರುವಾದದ್ದೇ ಕ್ಷಯದಿಂದ. ಡಬ್ಬಿಯಲ್ಲಿ ಆ ಚೀಟಿ ಇರಲಾರದು, ಬಹಳ ದುಬಾರಿ. ಆದರೆ ಬರಹದಲ್ಲಿ ಹಾಕಿ. ಸೀಲುಗಳನ್ನೂ ಹಾಕಿ, 'ಅಂಚೆಚೀಟಿ ಅಲ್ಲ' ಅಂತ ಕೆಳಗೆ ಸ್ಪಷ್ಟವಾಗಿ ಬರೆಯಿರಿ. ಅಷ್ಟಕ್ಕೆ ಒಪ್ಪುತ್ತೇನೆ.

ಹುಬ್ಬಳ್ಳಿಯಾಂವ
ಕರ್ನಾಟಕದ ಕಥಿ ಕೇಳಿದ್ರಲ್ಲ ಅಕ್ಕಾರ, ನಿಮ್ಮ ಡಬ್ಬಿಯೊಳಗ ಇರೋ ಹ್ಯಾಫ್ಕಿನ್ ಚೀಟಿನೇ ನಮ್ಮ ಹುಬ್ಬಳ್ಳಿ ಕಥಿ.

1896ರಾಗ ಮುಂಬಯಿಗೆ ಪ್ಲೇಗು ಬಂತು. ಹ್ಯಾಫ್ಕಿನ್ ಅಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಸಣ್ಣ ಖೋಲ್ಯಾಗ ಕುಂತು ಲಸಿಕಿ ತಯಾರ ಮಾಡಿ, 1897ರ ಜನವರಿ 10ಕ್ಕ ಮೊದಲ ತನಗ ತಾನ ಚುಚ್ಚಿಕೊಂಡ. ಮುಂದಿನ ವರ್ಷ ಹುಬ್ಬಳ್ಳಿಯೊಳಗ ಪ್ಲೇಗು ಎದ್ದಾಗ ಲ್ಯೂಮನ್ ಅನ್ನೋ ವೈದ್ಯಾಧಿಕಾರಿ ಸಾವಿರಾರು ಮಂದಿಗೆ ಅದನ್ನ ಚುಚ್ಚಿದ. ಚುಚ್ಚಿಸಿಕೊಂಡವರೊಳಗ ಸತ್ತವರು ಎಷ್ಟು, ಚುಚ್ಚಿಸಿಕೊಳ್ಳದವರೊಳಗ ಎಷ್ಟು ಅಂತ ವಾರಕ್ಕೊಮ್ಮೆ ಲೆಕ್ಕ ಇಟ್ಟಿದ್ದ. ಆ ಲೆಕ್ಕ ನೋಡೇ ಲಸಿಕಿ ಮ್ಯಾಲೆ ನಂಬಿಕಿ ಬಂತು. ನಮ್ಮ ಮುತ್ತಜ್ಜಿ ಕಾಲದವರು ಮನ್ಯಾಗ ಇಲಿ ಸತ್ತು ಬಿದ್ದ ಕೂಡಲೇ ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕ್ಕೊಂಡು ಇರ್ತಿದ್ರಂತ. ಆ ಚೀಟಿ ಕೆಳಗ ದಯವಿಟ್ಟು ಹುಬ್ಬಳ್ಳಿ ಹೆಸರು ಬರೀರಿ.

ಬಸವನಗುಡಿ70
ಬೆಂಗಳೂರಿಗೂ ಅದೇ 1898ರಲ್ಲಿ ಬಂತು. ನಮ್ಮ ಬಸವನಗುಡಿ, ಆ ಕಡೆ ಮಲ್ಲೇಶ್ವರ, ಎರಡೂ ಬೆಳೆದದ್ದು ಪೇಟೆಯ ಇಕ್ಕಟ್ಟಿನಿಂದ ಜನ ಪ್ಲೇಗಿಗೆ ಹೆದರಿ ಹೊರಗೆ ಬಂದಾಗ. ಅಡ್ಡರಸ್ತೆ ಅಗಲ, ಮನೆ ಹಿಂದೆ ಕಸ, ಮಲ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ, ಎಲ್ಲ ಗಾಳಿಬೆಳಕಿನ ಲೆಕ್ಕ. ಪ್ಲೇಗಮ್ಮನ ಗುಡಿಗಳು ಇನ್ನೂ ಇವೆ.

ಕನ್ನಡ_ಮೇಷ್ಟ್ರು
ಹ್ಯಾಫ್ಕಿನ್ ಬಗ್ಗೆ ಮಕ್ಕಳಿಗೆ ಇನ್ನೂ ಒಂದು ವಿಷಯ ಹೇಳಲೇಬೇಕು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ತೆಗೆದುಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹ್ಯಾಫ್ಕಿನ್ ತಲೆಗೆ ಕಟ್ಟಿ ಕೆಲಸದಿಂದ ದೂರವಿಟ್ಟರು. ಬಾಟಲಿ ತೆರೆಯುವಾಗ ಹಳ್ಳಿಯಲ್ಲೇ ಸೋಂಕು ತಗುಲಿತ್ತು ಎಂದು ವಾದಿಸಿ ಅವನ ಪರವಾಗಿ ನಿಂತವರಲ್ಲಿ ರೊನಾಲ್ಡ್ ರಾಸ್ ಒಬ್ಬರು. 1907ರಲ್ಲಿ ಕಳಂಕ ತೊಳೆಯಿತು. ಹಾಗಾಗಿ ಹ್ಯಾಫ್ಕಿನ್ ಮತ್ತು ರಾಸ್ ಇಬ್ಬರನ್ನೂ ಅಕ್ಕಪಕ್ಕದ ಹಾಳೆಯಲ್ಲಿ ಇಡಿ ಎಂಬುದು ನನ್ನ ಸಲಹೆ.

ಬಸವನಗುಡಿ70
ರಾಸ್ ಅಂದರೆ ಮಲೇರಿಯಾ ರೋಗಾಣು ಕಂಡುಹಿಡಿದವರು ತಾನೆ?

ಪ್ರಯೋಗಶಾಲೆ_ಅಕ್ಕ
ಅಲ್ಲ ಸರ್. ಈ ತಪ್ಪು ಎಲ್ಲ ಕಡೆ ಇದೆ, ಫಲಕದಲ್ಲಿ ದಯವಿಟ್ಟು ಬರಬಾರದು. ರೋಗಿಯ ರಕ್ತದಲ್ಲಿ ಆ ಪರಾವಲಂಬಿಯನ್ನು ಕಂಡದ್ದು ಫ್ರೆಂಚ್ ಸೈನ್ಯದ ವೈದ್ಯ ಲ್ಯಾವರನ್, 1880ರಲ್ಲಿ, ಆಲ್ಜೀರಿಯಾದಲ್ಲಿ. ರಾಸ್ ಕಂಡದ್ದು ಅದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಬೆಳೆಯುವುದನ್ನು: 1897ರ ಆಗಸ್ಟ್ 20, ಸಿಕಂದರಾಬಾದ್. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದಲ್ಲಿ ಸೊಳ್ಳೆಯಿಂದ ಹಕ್ಕಿಗೆ ಹರಡುವ ಇಡೀ ಸುತ್ತು ತೋರಿಸಿದರು. ರಾಸ್‌ಗೆ 1902ರಲ್ಲಿ ನೊಬೆಲ್, ಲ್ಯಾವರನ್‌ಗೆ 1907ರಲ್ಲಿ.

ನಾನು ಇಪ್ಪತ್ತು ವರ್ಷ ರಕ್ತದ ಸ್ಲೈಡು ನೋಡಿದವಳು. ಈಗಿನ ಸೂಕ್ಷ್ಮದರ್ಶಕದಲ್ಲೂ ಕಣ್ಣು ಉರಿಯುತ್ತದೆ. ಆ ಸೆಕೆಯಲ್ಲಿ, ಫ್ಯಾನ್ ಹಾಕಿದರೆ ಸೊಳ್ಳೆಯ ತುಣುಕು ಹಾರಿಹೋಗುತ್ತದೆ ಅಂತ ಫ್ಯಾನೂ ಇಲ್ಲದೆ, ಒಂದೊಂದೇ ಸೊಳ್ಳೆ ಸೀಳಿ ಕೂತಿದ್ದರಲ್ಲ, ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಕನ್ನಡ_ಮೇಷ್ಟ್ರು
ಬೆಂಗಳೂರಿನ ನಂಟೂ ಇದೆ. 1883ರಲ್ಲಿ ರಾಸ್ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಬಂಗಲೆಯ ಕಿಟಕಿ ಹತ್ತಿರದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳು ಓಲಾಡುವುದನ್ನು ನೋಡಿ ನೀರು ಚೆಲ್ಲಿಸಿದರು, ಸೊಳ್ಳೆ ಕಡಿಮೆಯಾಯಿತು. ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧ ಇದೆಯೆಂದು ಆಗ ಅವರಿಗೆ ಗೊತ್ತಿರಲಿಲ್ಲ. 1895ರಲ್ಲಿ ಮತ್ತೆ ಬಂದರು, ಆ ಸಲ ಕಾಲರಾ ತಡೆಯುವ ಕೆಲಸಕ್ಕೆ.

ನರ್ಸಮ್ಮ_ಕೋಲಾರ
ಎಲ್ಲರೂ ರಾಸ್ ರಾಸ್ ಅಂತೀರಿ. ಆ ಸೊಳ್ಳೆಗಳು ಕುಡಿದದ್ದು ಯಾರ ರಕ್ತ? ಹುಸೇನ್ ಖಾನ್ ಅನ್ನುವ ರೋಗಿಯದ್ದು. ಚಳಿಜ್ವರದಲ್ಲಿ ಮಲಗಿದ್ದವನನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಸೊಳ್ಳೆ ಬಿಟ್ಟರು. ಒಂದು ಸೊಳ್ಳೆ ಕಚ್ಚಿದರೆ ಒಂದು ಆಣೆ. ಆಮೇಲೆ ಅವನೇನಾದ? ಯಾವ ಚೀಟಿಯಲ್ಲೂ ಅವನ ಮುಖ ಇಲ್ಲ. ನಾನು ಮೂವತ್ತೈದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು, ನನ್ನ ಕಣ್ಣು ಮೊದಲು ಹೋಗುವುದು ಮಂಚದ ಮೇಲೆ ಇರುವವರ ಕಡೆಗೆ.

ಪ್ರಯೋಗಶಾಲೆ_ಅಕ್ಕ
ನರ್ಸಮ್ಮ, ಈ ಮಾತು ಹ್ಯಾನ್ಸನ್ ಚೀಟಿಗೆ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ನಾರ್ವೆಯ ಬರ್ಗನ್ನಿನಲ್ಲಿ ಕುಷ್ಠಕ್ಕೆ ರೋಗಾಣು ಕಾರಣ, ಶಾಪವೂ ಅಲ್ಲ, ವಂಶದ ದೋಷವೂ ಅಲ್ಲ ಅಂತ ತೋರಿಸಿದ ದೊಡ್ಡ ಮನುಷ್ಯ. ಆದರೆ ಸೋಂಕು ಅಂಟುತ್ತದೆಯೇ ನೋಡಲು ಕಾರಿ ನೀಲ್ಸ್‌ಡಾಟರ್ ಅನ್ನುವ ರೋಗಿಯ ಕಣ್ಣಿಗೆ ಅವಳನ್ನು ಕೇಳದೆ ಸೋಂಕು ಹತ್ತಿದ ಸೂಜಿ ತಾಗಿಸಿದ. ಆಕೆ ದೂರು ಕೊಟ್ಟಳು. 1880ರಲ್ಲಿ ಕೋರ್ಟು ತಪ್ಪು ಅವನದ್ದೇ ಅಂದಿತು, ಆಸ್ಪತ್ರೆಯ ವೈದ್ಯನ ಹುದ್ದೆ ಹೋಯಿತು. ರೋಗಿಯ ಒಪ್ಪಿಗೆ ಅನ್ನುವ ಮಾತು ಬಂದಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ. ಹಾಳೆಯಲ್ಲಿ ಇಬ್ಬರ ಹೆಸರೂ ಬರಲಿ.

ಚಿಮಟ_ಭೂತಗನ್ನಡಿ
ಮಕ್ಕಳ ಪ್ರದರ್ಶನದಲ್ಲಿ ಇದೆಲ್ಲ ಬೇಕಾ? ಹ್ಯಾನ್ಸನ್ ಇಲ್ಲದಿದ್ದರೆ ಕುಷ್ಠದವರನ್ನು ಇನ್ನೂ ಊರಾಚೆ ಇಟ್ಟಿರುತ್ತಿದ್ದರು. ಗೌರವಿಸಲು ಹೊರಡಿಸಿದ ಚೀಟಿಯ ಕೆಳಗೆ ಕೋರ್ಟು ಕಥೆ ಬರೆಯುವುದು ಸರಿಯಲ್ಲ.

ನರ್ಸಮ್ಮ_ಕೋಲಾರ
ಬೇಕು ಸರ್. ಮಕ್ಕಳಿಗೇ ಬೇಕು. ಹ್ಯಾನ್ಸನ್ ಕಂಡದ್ದು ದೊಡ್ಡದು, ಅದನ್ನು ಯಾರೂ ಅಳಿಸುತ್ತಿಲ್ಲ. ಆ ಹೆಂಗಸು 'ನನ್ನನ್ನು ಕೇಳಲಿಲ್ಲ' ಅಂದದ್ದೂ ವೈದ್ಯಕೀಯ ಇತಿಹಾಸವೇ. ಕುಷ್ಠದ ವಾರ್ಡಿನಲ್ಲಿ ನಾನು ಡ್ರೆಸಿಂಗ್ ಮಾಡಿದ್ದೇನೆ. ಅವರನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ, ಮನೆಯವರೂ.

ಶರಾವತಿ_ದಂಡೆ
ಇಬ್ಬರ ಮಾತೂ ಅರ್ಥವಾಗುತ್ತದೆ. ಚಿಮಟ ಸರ್, ನೀವು ಬೇಸರ ಮಾಡಿಕೊಳ್ಳಬೇಡಿ, ನಾನು ಬರೆಯುತ್ತೇನೆ. ಅಪ್ಪ ಕುಷ್ಠದ ಲಕೋಟೆಯ ಒಳಗೆ ಚೀಟಿಯ ಜೊತೆ ಒಂದು ಮಡಿಸಿದ ಕಾಗದ ಇಟ್ಟಿದ್ದರು, ಗುಣವಾಗಿ ಮನೆಗೆ ಹೋದ ಮೇಲೆ ಒಬ್ಬ ರೋಗಿ ಬರೆಸಿದ ಪತ್ರ. ಅದನ್ನು ಹೊರಗೆ ತೋರಿಸುವುದಿಲ್ಲ, ಆದರೆ ನನ್ನ ತೀರ್ಮಾನ ಅದರಿಂದ ಬಂದದ್ದು.

ಸೊಲ್ಲಾಪುರದ_ಕನ್ನಡತಿ
ಕೋಟ್ನಿಸ್ ನಮ್ಮ ಸೊಲ್ಲಾಪುರದವರು! 1938ರಲ್ಲಿ ಚೀನಾಕ್ಕೆ ಹೋದ ಐದು ಭಾರತೀಯ ಡಾಕ್ಟರುಗಳಲ್ಲಿ ಒಬ್ಬರು. ಉಳಿದ ನಾಲ್ವರು ವಾಪಸು ಬಂದರು, ಇವರು ಬರಲಿಲ್ಲ. ಯುದ್ಧದ ನಡುವೆ ಊಟ ನಿದ್ದೆ ಬಿಟ್ಟು ಆಪರೇಷನ್ ಮಾಡುತ್ತಾ 1942ರ ಡಿಸೆಂಬರ್ 9ರಂದು ತೀರಿಕೊಂಡರು, ಆಗ 32 ವರ್ಷ. ಚೀನಾದವರು 1982ರಲ್ಲೇ ಅವರ ಚೀಟಿ ತಂದರು, ನಮ್ಮದು ಬಂದದ್ದು 1993ರಲ್ಲಿ. ಹನ್ನೊಂದು ವರ್ಷ ತಡ.

ಕರಾವಳಿ_ಮಾಣಿ
ಸುಬ್ಬರಾವ್ ಚೀಟಿಯ ಬಗ್ಗೆ ಯಾರೂ ಮಾತಾಡಲಿಲ್ಲ ಮಾರಾಯ್ರೆ. ಆನೆಕಾಲು ಬಾರದ ಹಾಗೆ ಮನೆಮನೆಗೆ ಬಂದು ಎದುರಿಗೇ ನುಂಗಿಸುವ ಡಿಇಸಿ ಮಾತ್ರೆ ಉಂಟಲ್ಲ, ಅದು ಅಮೆರಿಕದಲ್ಲಿ ಅವರ ತಂಡದಲ್ಲಿ ಹುಟ್ಟಿದ್ದು. ಕ್ಯಾನ್ಸರಿಗೂ ಕೀಲುವಾತಕ್ಕೂ ಕೊಡುವ ಮೆಥೊಟ್ರೆಕ್ಸೇಟ್ ಕೂಡ ಅವರದ್ದೇ ತಂಡದ್ದು. ನನ್ನ ಅಮ್ಮ ವಾರಕ್ಕೊಂದು ಸಲ ಆ ಮಾತ್ರೆ ತೆಗೆದುಕೊಳ್ಳುತ್ತಾರೆ, ಕೈಬೆರಳು ಮಡಚಲು ಬರುತ್ತಿರಲಿಲ್ಲ, ಈಗ ದೋಸೆ ಹೊಯ್ಯುತ್ತಾರೆ. ಭೀಮಾವರದಲ್ಲಿ ಹುಟ್ಟಿದ ಆ ಮನುಷ್ಯನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ರೂಪಾಯಿ ಸ್ಟ್ಯಾಂಪಿನಿಂದ ನನಗೆ ಗೊತ್ತಾದದ್ದು.

ನ್ಯೂಜೆರ್ಸಿ_ನಂಜುಂಡ
ಇಲ್ಲಿಂದ ನನ್ನದೂ ಸ್ವಲ್ಪ. ಪೋಲಿಯೋ ಲಕೋಟೆ ಇದೆಯಾ ಮೇಡಂ? ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಪೋಲಿಯೋದಿಂದ ಕಾಲಿನ ಸ್ವಾಧೀನ ಕಳೆದುಕೊಂಡವರು, ದೊಡ್ಡ ಸ್ಟ್ಯಾಂಪ್ ಸಂಗ್ರಾಹಕರು ಕೂಡ. ಅವರು ಆಲ್ಬಮ್ ನೋಡುತ್ತಾ ಕೂತಿರುವ ಚಿತ್ರವನ್ನು ಮೊನಾಕೊ ದೇಶ 1947ರಲ್ಲಿ ಚೀಟಿ ಮಾಡಿತು. ಕೈ ಎಣಿಸಿ ನೋಡಿದರೆ ಆರು ಬೆರಳು! 1957ರಲ್ಲಿ ಅಮೆರಿಕ ಪೋಲಿಯೋ ವಿರುದ್ಧ ಹೋರಾಡಿದವರಿಗೆ ಒಂದು 3 ಸೆಂಟಿನ ಚೀಟಿ ಹೊರಡಿಸಿತು, 2006ರಲ್ಲಿ ಪೋಲಿಯೋ ಲಸಿಕೆ ಕಂಡುಹಿಡಿದ ಸಾಲ್ಕ್ ಮತ್ತು ಸೇಬಿನ್ ಇಬ್ಬರಿಗೂ ಬೇರೆ ಬೇರೆ ಚೀಟಿ. ಬೇಕಾದರೆ ನನ್ನ ಹತ್ತಿರ ಎರಡೆರಡು ಇವೆ, ಕಳಿಸುತ್ತೇನೆ.

ಬ್ರಿಟನ್ನಿನ 1999ರದ್ದೂ ಒಂದು ಇದೆ, ಸಿಡುಬಿನ ಲಸಿಕೆ ಕಂಡುಹಿಡಿದ ಜೆನ್ನರ್ ನೆನಪಿಗೆ. ಹಸುವಿನ ಮೈಮೇಲಿನ ಕಪ್ಪು ಬಿಳಿ ಮಚ್ಚೆಗಳಲ್ಲೇ ಮಗುವಿಗೆ ಲಸಿಕೆ ಹಾಕುವ ಚಿತ್ರ ಅಡಗಿಸಿದ್ದಾರೆ. ಮಕ್ಕಳು ಹುಡುಕಿ ಹುಡುಕಿ ನೋಡುತ್ತಾರೆ.

ಬಸವನಗುಡಿ70
ಆಸ್ಟ್ರಿಯಾದವರು ಕೋವಿಡ್ ಸಮಯದಲ್ಲಿ ಟಾಯ್ಲೆಟ್ ಪೇಪರಿನ ಮೇಲೆ ಚೀಟಿ ಅಚ್ಚು ಹಾಕಿದ್ದು ನೋಡಿದ್ದೀರಾ? 2020ರಲ್ಲಿ. ಮನುಷ್ಯರ ನಡುವೆ ಎಷ್ಟು ಅಂತರ ಬೇಕು ಅಂತ ತೋರಿಸಲು ಒಂದು ಮರಿಯಾನೆ ಚಿತ್ರ. ಅರ್ಧ ದುಡ್ಡು ದಾನಕ್ಕೆ.

ಚಿಮಟ_ಭೂತಗನ್ನಡಿ
ನಮ್ಮದೂ ಇದೆ. ಲಸಿಕೆ ಅಭಿಯಾನಕ್ಕೆ ವರ್ಷ ತುಂಬಿದ ದಿನ, 2022ರ ಜನವರಿ 16, ಕೊವ್ಯಾಕ್ಸಿನ್ ಚೀಟಿ ಬಂತು. ತಂದೆಯವರ ಡಬ್ಬಿ 1997ಕ್ಕೆ ನಿಂತಿದೆ ಅಂದರೆ ಅದು ಇರಲಾರದು.

ಅಂಚೆಯಣ್ಣ_ನಿವೃತ್ತ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ ಹೇಳ್ತೀನಿ. ಡಬ್ಬಿಯಲ್ಲಿ 5 ಪೈಸೆಯ ಕುಟುಂಬ ಯೋಜನೆ ಚೀಟಿ ಇದ್ದರೆ ಅದರ ಮೇಲೆ 'ರೆಫ್ಯೂಜಿ ರಿಲೀಫ್' ಅಂತ ಅಚ್ಚು ಇದೆಯಾ ನೋಡಿ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ಪ್ರತಿ ಕಾಗದಕ್ಕೂ 5 ಪೈಸೆ ಹೆಚ್ಚು ಕೊಡಬೇಕಿತ್ತು. ಹೊಸ ಚೀಟಿ ಅಚ್ಚಾಗುವಷ್ಟರಲ್ಲಿ ತಡ ಆಗುತ್ತೆ ಅಂತ ಇದ್ದ ಕುಟುಂಬ ಯೋಜನೆ ಚೀಟಿಯ ಮೇಲೇ ಅಕ್ಷರ ಒತ್ತಿದರು. ಬೆಂಗಳೂರು, ಜೈಪುರದಂಥ ಕಡೆ ಸ್ಥಳೀಯವಾಗಿಯೂ ಒತ್ತಿದ್ದುಂಟು. ಬೆಂಗಳೂರಿನದ್ದಾದರೆ ಜೋಪಾನ.

ಕನ್ನಡ_ಮೇಷ್ಟ್ರು
ಕುಟುಂಬ ಯೋಜನೆ ಅಂದಿರಿ, ಅದರಲ್ಲೂ ನಮ್ಮದೇ ಇತಿಹಾಸ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣ ಕೇಂದ್ರ ತೆರೆಯಿತು. ಸರ್ಕಾರವೇ ಮುಂದೆ ನಿಂತು ತೆರೆದ ಕೇಂದ್ರಗಳಲ್ಲಿ ಜಗತ್ತಿಗೇ ಮೊದಲನೆಯವು.

ಅದಕ್ಕಿಂತ ಹಿಂದಿನದು ಇನ್ನೂ ಇದೆ: 1805ರ ಮೈಸೂರು ರಾಣಿಯರ ಚಿತ್ರ. ಥಾಮಸ್ ಹಿಕಿ ಬರೆದದ್ದು. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ ಸೆರಗನ್ನು ಸ್ವಲ್ಪ ಸರಿಸಿ ಎಡತೋಳಿನ ಕಡೆ ಬೆರಳು ತೋರಿಸುತ್ತಾಳೆ, ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ. ಜೆನ್ನರ್ ತನ್ನ ಮೊದಲ ಪ್ರಯೋಗ ಮಾಡಿದ್ದು 1796ರಲ್ಲಿ. ಒಂಬತ್ತೇ ವರ್ಷದಲ್ಲಿ ಮೈಸೂರಿನ ಅರಮನೆಯ ಹೆಣ್ಣುಮಗಳು ಅದನ್ನು ಹಾಕಿಸಿಕೊಂಡು ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದಾಳೆ! ಇದು ಅಂಚೆಚೀಟಿ ಆಗಬೇಡವೇ?

ಚಿಮಟ_ಭೂತಗನ್ನಡಿ
ಮೇಷ್ಟ್ರೇ, ಅದು ಲಸಿಕೆ ಪ್ರಚಾರದ ಚಿತ್ರ ಅನ್ನುವುದು ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರ ವಾದ. ಮೊದಲು ಅದನ್ನು ನರ್ತಕಿಯರ ಚಿತ್ರ ಎಂದೂ ಹೇಳುತ್ತಿದ್ದರು. ವಾದ ಗಟ್ಟಿಯಾಗಿದೆ, ನಾನೂ ಒಪ್ಪುತ್ತೇನೆ, ಆದರೆ 'ಇತಿಹಾಸಕಾರರ ಪ್ರಕಾರ' ಎಂದು ಬರೆಯಬೇಕು.

ಕನ್ನಡ_ಮೇಷ್ಟ್ರು
ಹಾಗೇ ಬರೆಯಲಿ, ಅಡ್ಡಿಯಿಲ್ಲ. ನರ್ಸಮ್ಮನವರ ಮಾತಿಗೆ ಸೇರಿಸಿ ಇನ್ನೊಂದು ಹೆಸರು ಹೇಳಿಬಿಡುತ್ತೇನೆ. ಭಾರತದಲ್ಲಿ ಸಿಡುಬಿನ ಲಸಿಕೆ ಮೊದಲು ಹತ್ತಿದ್ದು ಮುಂಬಯಿಯಲ್ಲಿ, 1802ರ ಜೂನ್ 14ರಂದು, ಅನ್ನಾ ದಸ್ತಾಲ್ ಎಂಬ ಮೂರು ವರ್ಷದ ಮಗುವಿಗೆ. ಆಗ ಬಾಟಲಿಯಲ್ಲಿ ಸಾಗಿಸಲು ಆಗುತ್ತಿರಲಿಲ್ಲ, ಒಬ್ಬರ ತೋಳಿನ ಗುಳ್ಳೆಯ ಕೀವನ್ನು ಇನ್ನೊಬ್ಬರ ತೋಳಿಗೆ ಹಾಕುತ್ತಾ ತೋಳಿನಿಂದ ತೋಳಿಗೆ ಊರೂರು ದಾಟಿಸಬೇಕಿತ್ತು. ಆ ಮಗುವಿನ ತೋಳಿನಿಂದ ಹೊರಟದ್ದೇ ದೇಶಕ್ಕೆಲ್ಲ ಹಬ್ಬಿತು.

ಹುಬ್ಬಳ್ಳಿಯಾಂವ
ನಮ್ಮ ಕಡೆ ಅದಕ್ಕ ಈಗೂ 'ದೇವಿ ಹಾಕೋದು' ಅಂತಾರ. ನಮ್ಮವ್ವನ ತೋಳ ಮ್ಯಾಲೆ ಎರಡು ದುಂಡನ್ನ ಗುರುತು ಅದಾವ.

ನರ್ಸಮ್ಮ_ಕೋಲಾರ
ನಮ್ಮಲ್ಲಿ 'ಮೈಲಿ ಹಾಕ್ಸೋದು'. ನನಗೂ ಇದೆ ಗುರುತು. ಮೈಲಿ ಹಾಕುವವರು ಬಂದರು ಅಂದರೆ ಹಿತ್ತಲಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದೆವು. ಫಲಕದಲ್ಲಿ ಈ ಎರಡು ಮಾತೂ ಬರೆಯಮ್ಮ, ಅಜ್ಜಿಯರು ಬಂದರೆ ಮೊಮ್ಮಕ್ಕಳಿಗೆ ತೋಳು ತೋರಿಸುತ್ತಾರೆ.

ಕರಾವಳಿ_ಮಾಣಿ
ಮಲೆನಾಡಿನ ಡಾಕ್ಟರು ಅಂದಿರಲ್ಲ, ಹಾಗಾದರೆ ಮಂಗನ ಕಾಯಿಲೆ ನೋಡಿಯೇ ಇರುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಕಾಡಿಗೆ ಹೋದ ಜನರಿಗೂ ಜ್ವರ ಬರುತ್ತಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಅಂತ ಕಂಡುಹಿಡಿದರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ನಮ್ಮ ಒಂದು ಕಾಡಿನ ಹೆಸರು ಉಂಟು. 1980ರ ದಶಕದ ಆರಂಭದಲ್ಲಿ ನಮ್ಮ ಬೆಳ್ತಂಗಡಿ ಕಡೆಗೂ ಬಂತು, ಕಾಯಿಲೆ ಹರಡುವ ಉಣುಗು ಕಚ್ಚುತ್ತದೆ ಅಂತ ದರಗೆಲೆ ತರಲು ಹೆದರುತ್ತಿದ್ದರು. ಅದಕ್ಕೆ ಒಂದು ಸ್ಟ್ಯಾಂಪು?

ಶರಾವತಿ_ದಂಡೆ
ಮಾಣಿಯವರೇ, ನಿಮ್ಮ ಮಾತು ಓದಿ ಎದ್ದು ಹೋಗಿ ಡಬ್ಬಿ ತಂದೆ. ಖಾಲಿ ಲಕೋಟೆಗಳಲ್ಲಿ ಒಂದರ ಮೇಲೆ 'ಮಂಗನ ಕಾಯಿಲೆ' ಅಂತ ಅಪ್ಪನ ಅಕ್ಷರ. ಒಳಗೆ ಏನೂ ಇಲ್ಲ. ಇನ್ನೊಂದರ ಮೇಲೆ 'ಸಿಡುಬು', ಅದೂ ಖಾಲಿ. ನಾನು ಇವನ್ನು ಬಳಸದೆ ಉಳಿದ ಲಕೋಟೆ ಅಂತ ಪಕ್ಕಕ್ಕೆ ಇಟ್ಟಿದ್ದೆ.

ಜ್ವರದ ಕಾಲದಲ್ಲಿ ಅಪ್ಪ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಬಂದರೆ ಅಂಗಳದಲ್ಲೇ ಬಟ್ಟೆ ಬಿಚ್ಚಿ, ಅಮ್ಮ ಉಣುಗು ಹುಡುಕಿದ ಮೇಲೇ ಒಳಗೆ.

ಪ್ರಯೋಗಶಾಲೆ_ಅಕ್ಕ
ಅಮ್ಮಾ... ಆ ಖಾಲಿ ಲಕೋಟೆಗಳನ್ನು ದಯವಿಟ್ಟು ಎಸೆಯಬೇಡಿ.

ಚಿಮಟ_ಭೂತಗನ್ನಡಿ
ಮೇಡಂ, ಮಂಗನ ಕಾಯಿಲೆಯ ಹಾಳೆ ಖಾಲಿ ಬಿಡಬೇಕಾಗಿಲ್ಲ. 1996ರಲ್ಲಿ ಬಂದ ಸಲೀಂ ಅಲಿ ಚೀಟಿ ಹಾಕಿ. ಪಕ್ಷಿ ಶಾಸ್ತ್ರಜ್ಞರಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಕ್ಯಾಸನೂರಿನ ವೈರಸ್ಸು ರಷ್ಯಾದ ಕಡೆಯ ಒಂದು ವೈರಸ್ಸಿನ ಬಳಗದ್ದು ಅಂತ ಗೊತ್ತಾದಾಗ, ಉತ್ತರದಿಂದ ವಲಸೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತರುತ್ತವೆಯೇ ಎಂಬ ಪ್ರಶ್ನೆ ಎದ್ದಿತು. ಅದನ್ನು ನೋಡಲೆಂದು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಸಲೀಂ ಅಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುಮಾಡಿದರು. ಸಾವಿರಾರು ಹಕ್ಕಿ ಹಿಡಿದು, ಉಂಗುರ ಹಾಕಿ, ಬಿಟ್ಟು, ಅವು ಎಲ್ಲಿಗೆ ಹೋಗುತ್ತವೆ ಅಂತ ನೋಡಿದರು. ಸೊರಬದ ಸತ್ತ ಮಂಗಗಳಿಂದ ಹೊರಟ ಪ್ರಶ್ನೆ ಅದು. ನನ್ನ ಹತ್ತಿರ ಆ ಚೀಟಿ ಎರಡು ಜೋಡಿ ಇದೆ. ಒಂದು ನಿಮಗೆ, ದುಡ್ಡು ಬೇಡ.

ಕರಾವಳಿ_ಮಾಣಿ
ಇದು ನನಗೆ ಗೊತ್ತೇ ಇರಲಿಲ್ಲ. ಚಿಮಟ ಸರ್, ದೊಡ್ಡ ನಮಸ್ಕಾರ.

ನ್ಯೂಜೆರ್ಸಿ_ನಂಜುಂಡ
ರಾಣಿಯರು, ಕ್ಯಾಸನೂರು, ಇವಕ್ಕೆ ಚೀಟಿ ಬೇಕು ಅಂತ ನಾವೇ ಅರ್ಜಿ ಹಾಕಬಹುದಾ? ಹೇಗೆ?

ಅಂಚೆಯಣ್ಣ_ನಿವೃತ್ತ
ಯಾರು ಬೇಕಾದರೂ ಹಾಕಬಹುದು. ಅಂಚೆ ಇಲಾಖೆಗೆ ಬರೆಯಬೇಕು, ಸಲಹಾ ಸಮಿತಿ ಇದೆ, ಅದರ ಮುಂದೆ ಹೋಗುತ್ತೆ. ಬಹಳ ಮುಂಚೆಯೇ ಕೊಡಬೇಕು, ನೂರು ವರ್ಷ, ಐವತ್ತು ವರ್ಷದಂಥ ಸಂದರ್ಭ ಇದ್ದರೆ ಒಳ್ಳೆಯದು. ಬದುಕಿರುವವರ ಮೇಲೆ ಸಾಮಾನ್ಯವಾಗಿ ತರುವುದಿಲ್ಲ. ಆದರೆ 1958ರಲ್ಲಿ ಸಮಾಜ ಸುಧಾರಕ ಕರ್ವೆ, 1960ರಲ್ಲಿ ನಮ್ಮ ವಿಶ್ವೇಶ್ವರಯ್ಯ, ಇಬ್ಬರೂ ನೂರರ ಆಸುಪಾಸಿನಲ್ಲಿ ತಮ್ಮ ಚೀಟಿ ತಾವೇ ನೋಡಿದರು.

ಇನ್ನೊಂದು ದಾರಿ ಸ್ಪೆಷಲ್ ಕವರ್. ಅದನ್ನು ನಮ್ಮ ಕರ್ನಾಟಕ ಅಂಚೆ ವೃತ್ತದವರೇ ಮಾಡುತ್ತಾರೆ: ಲಕೋಟೆಯ ಮೇಲೆ ಚಿತ್ರ, ಆ ದಿನದ್ದೇ ವಿಶೇಷ ಠಸ್ಸೆ. ಚೀಟಿಯಷ್ಟು ದೊಡ್ಡ ಸುತ್ತು ಇಲ್ಲ. ಕ್ಯಾಸನೂರಿಗೆ 2032ಕ್ಕೆ ಎಪ್ಪತ್ತೈದು ವರ್ಷ ತುಂಬುತ್ತೆ. ಈಗ ಕಾಗದ ಬರೆದರೆ ಸಮಯ ಇದೆ. ಒಕ್ಕಣೆ ನಾನು ಮಾಡಿಕೊಡುತ್ತೇನೆ.

ಬಸವನಗುಡಿ70
ಹಣ ಕೊಟ್ಟು ನಮಗೆ ಬೇಕಾದ ಚಿತ್ರದ ಮೈ ಸ್ಟ್ಯಾಂಪ್ ಮಾಡಿಸಿದರೆ ಆಗಲ್ಲವಾ? ಒಂದು ಹಾಳೆಗೆ ಹನ್ನೆರಡು ಚೀಟಿ.

ಚಿಮಟ_ಭೂತಗನ್ನಡಿ
ಅದು ನಮ್ಮ ಮನೆಯ ಸಂತೋಷಕ್ಕೆ. ಮದುವೆ ಫೋಟೊಗೂ ಅದೇ ಮಾಡುತ್ತಾರೆ. ದೇಶ ನೆನಪಿಟ್ಟುಕೊಳ್ಳುವುದು ಬೇರೆ.

ಸೊಲ್ಲಾಪುರದ_ಕನ್ನಡತಿ
ಮಿಂಚಂಚೆ ಗುಂಪು ಮಾಡೋಣ. ಸಹಿ ಹಾಕಲು ನಾನಿದ್ದೇನೆ.

ಶರಾವತಿ_ದಂಡೆ
ಎಲ್ಲರಿಗೂ ಕೃತಜ್ಞತೆ. ರಾತ್ರಿ ಕೂತು ಹೀಗೆ ಗುರುತು ಹಾಕಿಕೊಂಡೆ. ಕಾಯಿಲೆಯ ಪ್ರಕಾರವೇ ಹೋಗುತ್ತೇನೆ, ಅಪ್ಪನ ಲಕೋಟೆಯನ್ನೂ ಪ್ರತಿ ಹಾಳೆಯ ಮೂಲೆಯಲ್ಲಿ ಇಡುತ್ತೇನೆ. ಚಳಿಜ್ವರಕ್ಕೆ ಎರಡು ಹಾಳೆ: ಒಂದರಲ್ಲಿ ರಾಸ್, ಹುಸೇನ್ ಖಾನ್ ಹೆಸರು, ಬೆಂಗಳೂರಿನ ತೊಟ್ಟಿ; ಇನ್ನೊಂದರಲ್ಲಿ 1962ರದ್ದು. ಆ ವರ್ಷ ನೂರಕ್ಕೂ ಹೆಚ್ಚು ದೇಶಗಳು ಒಂದೇ ವಿಷಯದ ಮೇಲೆ ಚೀಟಿ ತಂದಿದ್ದವು ಅಂತ ಓದಿದೆ, ಅಪ್ಪನ ಬಳಿ ಆರು ದೇಶದ್ದು ಇವೆ. ಪ್ಲೇಗಿಗೆ ಒಂದು, ಹುಬ್ಬಳ್ಳಿ ಹೆಸರಿನ ಜೊತೆ. ಕ್ಷಯಕ್ಕೆ ಎರಡು, ಸೀಲುಗಳೂ ಸೇರಿ. ಕುಷ್ಠಕ್ಕೆ ಒಂದು. ಸಿಡುಬಿನ ಹಾಳೆಗೆ ನಂಜುಂಡ ಸರ್ ಕಳಿಸುವ ಹಸುವಿನ ಚೀಟಿ, ರಾಣಿಯರ ಚಿತ್ರದ ಪ್ರಿಂಟು. ಮಂಗನ ಕಾಯಿಲೆಗೆ ಸಲೀಂ ಅಲಿ. ಉಳಿದವು ಕ್ಯೂರಿ, ರಾಯ್, ಕೋಟ್ನಿಸ್, ಸುಬ್ಬರಾವ್.

ಒಂದು ತೊಂದರೆ. ಹ್ಯಾಫ್ಕಿನ್ ಚೀಟಿ ನೋಟ್‌ಬುಕ್ಕಿನ ಹಾಳೆಗೆ ಅಂಟಿಕೊಂಡುಬಿಟ್ಟಿದೆ. ಬಿಳಿ ಗೋಂದಿರಬೇಕು. ನೀರಿನಲ್ಲಿ ನೆನೆಸಲೇ?

ಚಿಮಟ_ಭೂತಗನ್ನಡಿ
ನೆನೆಸಬೇಡಿ. ಬಿಳಿ ಗೋಂದಾದರೆ ಚೀಟಿಯ ಕಾಗದ ಹರಿದು ಬರುತ್ತದೆ. ಸುತ್ತ ಒಂದು ಬೆರಳು ಅಗಲ ಬಿಟ್ಟು ನೋಟ್‌ಬುಕ್ ಹಾಳೆಯ ಸಮೇತ ಕತ್ತರಿಸಿ, ನಾಲ್ಕು ಮೂಲೆಗೂ ಫೋಟೊ ಕಾರ್ನರ್ ಹಾಕಿ ಕೂರಿಸಿ. ಮೇಲೆ ಪ್ಲಾಸ್ಟಿಕ್ ಹಾಳೆ. ಟೇಪು ಮಾತ್ರ ಎಲ್ಲೂ ಬೇಡ.

ನರ್ಸಮ್ಮ_ಕೋಲಾರ
ಆ ನೋಟ್‌ಬುಕ್ಕಿನ ಹಾಳೆಯಲ್ಲಿ ಡಾಕ್ಟರು ಏನಾದರೂ ಬರೆದಿದ್ದಾರಾ? ಕತ್ತರಿಸುವ ಮೊದಲು ಹಿಂದುಮುಂದು ನೋಡಮ್ಮ.

ಶರಾವತಿ_ದಂಡೆ
ನೋಡಿದೆ. ಹಿಂದೆ ಒಬ್ಬರ ಹೆಸರಿಲ್ಲದೆ ಬರೀ ಜ್ವರದ ಚಾರ್ಟು ಇದೆ, ಬೆಳಗ್ಗೆ ಸಂಜೆಯದ್ದು, ಒಂಬತ್ತು ದಿನ. ಕೊನೆಗೆ 98.4. ಕತ್ತರಿಸುವುದಿಲ್ಲ. ಇಡೀ ಹಾಳೆಯನ್ನೇ ಹಾಕುತ್ತೇನೆ.